ಮುಂಜಿ, ತಾಲೀಮು, ಭರ್ತಿ: ನಮ್ಮ ಹುಡುಗ ‘ದೊಡ್ಡವ’ ಆಗೂದು ಯಾವಾಗ?

ನನ್ನ ತಂಗಿ ದೊಡ್ಡಾಕಿ ಆದ ದಿನ ಅಲಖನೂರಿನ ನಮ್ಮ ಓಣಿಗೆಲ್ಲ ಗೊತ್ತಾಗಿತ್ತು. ಮಾಮಾ ಸೀರೆ ತಂದ. ಅವ್ವ ಕೊಬ್ಬರಿ-ಬೆಲ್ಲ ತಿನ್ನಿಸಿದಳು. ಓಣಿಯ ಹೆಂಗಸರೆಲ್ಲ ಕೂಡಿ ಆರತಿ ಎತ್ತಿ, ಹಾಡು ಹೇಳಿ, ಉಡಿ ತುಂಬಿದರು. ಅವಳಿಗೆ ಆಗ 13 ವರ್ಷ. ಒಂದೂವರೆ ವರ್ಷ ದೊಡ್ಡವನಾದ ನನಗೆ ಅದೇ ಬೇಸಿಗೆಯಲ್ಲಿ ದನಿ ಒಡೆಯಿತು, ಮೇಲ್ತುಟಿ ಕಪ್ಪಾಯಿತು. “ಏನಲೇ, ದನಿ ಕ್ವಾಣನ ಹಂಗ ಆಗೇತಲ್ಲ” ಅಂತ ಕಾಕಾ ಒಂದು ಸಲ ನಕ್ಕ. ನನ್ನ ಪಾಲಿಗೆ ಬಂದ ಸಂಸ್ಕಾರ ಅಷ್ಟೇ.

ತಂಗಿಗೆ ಲಾಭವಾಯಿತು ಅಂತ ಹೇಳುತ್ತಿಲ್ಲ. ಮರುದಿನದಿಂದಲೇ ಅವಳ ಸೈಕಲ್ ನಿಂತಿತು. ಹತ್ತನೇ ಇಯತ್ತೆ ಮುಗಿಯುವ ಮೊದಲೇ ಮನೆಯಲ್ಲಿ ವರನ ಮಾತು ಶುರುವಾಯಿತು. ಅವಳಿಗೆ ಮಾಡಿದ ಆಚರಣೆ ಅವಳ ಸುತ್ತ ಬೇಲಿ ಹಾಕಿತು. ನನಗೆ ಬೇಲಿಯೂ ಇರಲಿಲ್ಲ, ಹಾದಿಯೂ ಇರಲಿಲ್ಲ. ಗಂಡಸು ಅಂದರೆ ಏನು ಅಂತ ನಾನು ಕಲಿತದ್ದು ಸಿನಿಮಾದಿಂದ, ಬಸ್ ಸ್ಟ್ಯಾಂಡಿನಿಂದ, ಆಮೇಲೆ ಇಂಜಿನಿಯರಿಂಗ್ ಹಾಸ್ಟೆಲ್ಲಿನಿಂದ. ಮೂರೂ ಒಳ್ಳೆಯ ಶಾಲೆಗಳಾಗಿರಲಿಲ್ಲ.

ಈಗ ಈ ವಿಷಯ ಮತ್ತೆ ಚರ್ಚೆಗೆ ಬಂದಿದೆ. “ಗಂಡುಹುಡುಗರು ದಾರಿ ತಪ್ಪುತ್ತಿದ್ದಾರೆ, ಅವರಿಗೆ ಹಳೇ ಕಾಲದ ದೀಕ್ಷೆ-ಸಂಸ್ಕಾರ ಬೇಕು” ಅನ್ನುವ ರೀಲುಗಳು ಇಂಗ್ಲಿಷಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಈ ವಾದ ಹೊಸದೇನಲ್ಲ. ಅಮೆರಿಕದ ಕವಿ ರಾಬರ್ಟ್ ಬ್ಲೈ 1990ರಲ್ಲಿ ‘ಐರನ್ ಜಾನ್’ ಅನ್ನುವ ಪುಸ್ತಕ ಬರೆದು, ಹಿರಿಯರು ಹುಡುಗರನ್ನು ಗಂಡಸುತನಕ್ಕೆ ದಾಟಿಸುವ ಪದ್ಧತಿ ಸತ್ತದ್ದೇ ಎಲ್ಲ ರೋಗಕ್ಕೂ ಮೂಲ ಅಂದಿದ್ದ. ಅಲ್ಲಿನ ಮಧ್ಯಮವರ್ಗದ ಗಂಡಸರು ಕಾಡಿಗೆ ಹೋಗಿ ಡೋಲು ಬಾರಿಸಿ ಅತ್ತು ಹಗುರಾಗಿ ಬಂದರು. ನಮ್ಮಲ್ಲಿ ಅದೇ ಮಾತು “ಸಂಸ್ಕಾರ ಕೆಟ್ಟೈತಿ” ಅನ್ನುವ ರೂಪದಲ್ಲಿ ಬರುತ್ತದೆ. ಹಾಗಾದರೆ ನಮ್ಮ ಕಡೆ, ಅಂದರೆ ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ, ನಿಪ್ಪಾಣಿಯ ಸೀಮೆಯಲ್ಲಿ, ಹುಡುಗನನ್ನು ದಾಟಿಸುವ ಪದ್ಧತಿ ನಿಜಕ್ಕೂ ಯಾವುದಿತ್ತು? ಈಗ ಆ ಜಾಗದಲ್ಲಿ ಯಾರು ನಿಂತಿದ್ದಾರೆ?

ಹೊಸ್ತಿಲ ಮೇಲೆ ನಿಂತವನು

ಮೊದಲು ಪರಿಭಾಷೆ. ಆರ್ನಾಲ್ಡ್ ವಾನ್ ಗೆನೆಪ್ ಅನ್ನುವ ವಿದ್ವಾಂಸ 1909ರಲ್ಲಿ ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕ ಬರೆದ. ಹುಟ್ಟು, ಮದುವೆ, ಸಾವು, ಪ್ರಾಯಕ್ಕೆ ಬರುವುದು ಇಂಥ ತಿರುವುಗಳಲ್ಲಿ ಲೋಕದ ಜನ ಮಾಡುವ ಆಚರಣೆಗಳಿಗೆಲ್ಲ ಮೂರು ಹೆಜ್ಜೆ ಇರುತ್ತವೆ ಅನ್ನುವುದು ಅವನ ವಾದ. ಹಳೆಯ ಜಾಗದಿಂದ ಬೇರ್ಪಡಿಸುವುದು ಒಂದು. ನಡುವೆ, ಅಲ್ಲಿಯೂ ಅಲ್ಲದ ಇಲ್ಲಿಯೂ ಅಲ್ಲದ ಸ್ಥಿತಿಯಲ್ಲಿ ಇಡುವುದು ಇನ್ನೊಂದು. ಹೊಸ ಸ್ಥಾನ ಕೊಟ್ಟು ಊರಿನೊಳಗೆ ಮರಳಿ ಕರೆದುಕೊಳ್ಳುವುದು ಕೊನೆಯದು. ನಡುವಿನ ಹೆಜ್ಜೆಗೆ ಅವನು ಬಳಸಿದ್ದು ಹೊಸ್ತಿಲು ಅನ್ನುವ ಅರ್ಥದ ಲ್ಯಾಟಿನ್ ಶಬ್ದ. 1950ರ ದಶಕದಲ್ಲಿ ಈಗಿನ ಜಾಂಬಿಯಾದ ಎಂಡೆಂಬು ಜನರ ನಡುವೆ ಇದ್ದು ಅಧ್ಯಯನ ಮಾಡಿದ ವಿಕ್ಟರ್ ಟರ್ನರ್ ಈ ನಡುವಿನ ಹೆಜ್ಜೆಯನ್ನೇ ಹಿಡಿದು ಬೆಳೆಸಿದ. ಹೊಸ್ತಿಲ ಮೇಲಿರುವವನಿಗೆ ಹೆಸರು, ದರ್ಜೆ, ಆಸ್ತಿ ಯಾವುದೂ ಇರುವುದಿಲ್ಲ. ಜತೆಗೆ ನಿಂತವರೆಲ್ಲ ಸಮಾನರು, ಅವರ ನಡುವೆ ಹುಟ್ಟುವ ಬಂಧ ಬಹಳ ಗಟ್ಟಿ.

ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಸ್ತಿಲ ಮೇಲೆ ಕೂಡ್ರಬಾರದು ಅಂತ ಎಲ್ಲ ಅಜ್ಜಿಯರೂ ಬೈದಿದ್ದಾರೆ. ಅದು ಅಪಾಯದ ಜಾಗ. 15-16ರ ಹುಡುಗ ಹಾಗೆ ಕೂತವನು. ಅವನ ಕೈಯನ್ನು ಆಗ ಯಾರು ಹಿಡಿಯುತ್ತಾರೋ ಅವರ ಮಾತು ಅವನಿಗೆ ವೇದ. ಈ ಲೇಖನದ ಉಳಿದ ಭಾಗವೆಲ್ಲ ಆ ಕೈ ಹಿಡಿಯುವವರ ಬಗ್ಗೆ.

ಜಾತಿಗೆ ಸೇರಿಸುವ ಆಚರಣೆಗಳು

“ನಮ್ಮಲ್ಲಿ ಮುಂಜಿ ಐತಲ್ಲ” ಅಂತ ಯಾರಾದರೂ ಹೇಳಬಹುದು. ಗೃಹ್ಯಸೂತ್ರಗಳ ಪ್ರಕಾರ ಉಪನಯನದ ವಯಸ್ಸು ಬ್ರಾಹ್ಮಣನಿಗೆ 8, ಕ್ಷತ್ರಿಯನಿಗೆ 11, ವೈಶ್ಯನಿಗೆ 12. ಶೂದ್ರನಿಗೆ ಇಲ್ಲವೇ ಇಲ್ಲ, ಹೆಣ್ಣಿಗೆ ರೂಢಿಯಲ್ಲಿ ಇಲ್ಲ. ಅದು ಓದಿಗೆ ಕಳಿಸುವ ಆಚರಣೆ. ಗಂಡಸಾಗುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಓದು ಮುಗಿಸಿ, ಸ್ನಾನ ಮಾಡಿ, ಗುರುವಿನ ಮನೆಯಿಂದ ಊರಿಗೆ ಮರಳುವ ಸಮಾವರ್ತನೆಯೇ ಅದರ ಮೂರನೇ ಹೆಜ್ಜೆ. ಈಗ ಅದು ಸೋಡಮುಂಜಿ ಅನ್ನುವ ಹೆಸರಲ್ಲಿ ಮದುವೆಯ ಹೊತ್ತಿಗೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಅದರ ಜತೆಗೇ ಕಾಶಿಯಾತ್ರೆ. ಕೊಡೆ, ಕೋಲು ಹಿಡಿದು ಸಂನ್ಯಾಸಕ್ಕೆ ಹೊರಟ ವರನನ್ನು ಹೆಣ್ಣಿನ ಕಡೆಯವರು “ಬ್ಯಾಡ್ರಿ, ಬರ್ರಿ, ಮಗಳನ್ನ ಕೊಡತೀವಿ” ಅಂತ ಕರೆತರುತ್ತಾರೆ. ಎಲ್ಲರೂ ನಗುತ್ತಾರೆ, ಫೋಟೊಗ್ರಾಫರ್ ಮತ್ತೊಮ್ಮೆ ನಡೆಯಲು ಹೇಳುತ್ತಾನೆ. ಮನೆ ಬಿಟ್ಟು ಹೋಗಬಹುದಾದ ಒಬ್ಬ ಯುವಕ ಜವಾಬ್ದಾರಿ ಒಪ್ಪಿ ಮರಳುವ ಗಂಭೀರ ಕ್ಷಣ ಒಂದು ಕಾಲಕ್ಕೆ ಅದರಲ್ಲಿ ಇದ್ದಿರಬೇಕು. ಈಗ ಉಳಿದದ್ದು ಕೊಡೆ.

ನಮ್ಮ ಸೀಮೆಯಲ್ಲಿ ದಿಗಂಬರ ಜೈನರ ಊರುಗಳು ಬಹಳ. ದೊಡ್ಡ ಪೂಜೆಗಳ ಹೊತ್ತಿಗೆ ಅಲ್ಲಿ ಹುಡುಗರಿಗೆ ಸಾಮೂಹಿಕ ಮೌಂಜಿಬಂಧನ ಮಾಡುತ್ತಾರೆ. ತಲೆ ಬೋಳಿಸಿಕೊಂಡ ಹುಡುಗರ ಸಾಲು ನೋಡಲು ಚೆಂದ. ಲಿಂಗಾಯತರಲ್ಲಿ ಕೂಸಿಗೇ ಲಿಂಗ ಕಟ್ಟುವುದು, ಬೆಳೆದ ಮೇಲೆ ದೀಕ್ಷೆ. ಜಂಗಮರ ಗಂಡುಮಕ್ಕಳಿಗೆ ಅಯ್ಯಾಚಾರ. ಬಸವಣ್ಣ ಉಪನಯನ ನಿರಾಕರಿಸಿ ಮನೆ ಬಿಟ್ಟ, ಅಕ್ಕ ನಾಗಮ್ಮನಿಗೆ ಇಲ್ಲದ್ದು ನನಗೇಕೆ ಅಂತ ಕೇಳಿದ ಅನ್ನುವ ಕಥನ ನಮಗೆಲ್ಲ ಬಾಯಿಪಾಠ. ಗಂಡಿಗೂ ಹೆಣ್ಣಿಗೂ ಒಂದೇ ಲಿಂಗ ಅನ್ನುವುದು 12ನೇ ಶತಮಾನಕ್ಕೆ ಸಣ್ಣ ಮಾತಲ್ಲ. ಆದರೆ ಗಂಡು-ಹೆಣ್ಣಿನ ಭೇದ ಅಳಿಸುವ ದೀಕ್ಷೆ, ಹುಡುಗ ಗಂಡಸಾಗುವುದರ ಬಗ್ಗೆ ಬೇರೆಯಾಗಿ ಏನೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮುಸ್ಲಿಮರಲ್ಲಿ ಸುನ್ನತಿ. ಬಾನು ಮುಷ್ತಾಕ್ ಅವರಿಗೆ 2025ರ ಅಂತರರಾಷ್ಟ್ರೀಯ ಬೂಕರ್ ತಂದುಕೊಟ್ಟ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ‘ರೆಡ್ ಲುಂಗಿ’ ಅನ್ನುವ ಕತೆಯಿದೆ. ಬೇಸಿಗೆ ರಜೆಯ ಸಾಮೂಹಿಕ ಸುನ್ನತಿ ಅದರ ವಸ್ತು. ಬಡವರ ಮಕ್ಕಳಿಗೂ ಉಳ್ಳವರ ಮಕ್ಕಳಿಗೂ ಆಚರಣೆ ಒಂದೇ, ಏರ್ಪಾಟು ಬೇರೆ ಬೇರೆ. ಓದದವರು ಓದಿ.

ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಬಹುಪಾಲು ಎಲ್ಲವೂ ಮೀಸೆ ಮೂಡುವ ಮೊದಲೇ ಮುಗಿದಿರುತ್ತವೆ. “ನೀ ನಮ್ಮಾವ” ಅಂತ ಹುಡುಗನಿಗೆ ಹೇಳುತ್ತವೆ. “ಇನ್ನು ಮುಂದೆ ನಿನ್ನ ಕೆಲಸಕ್ಕೆ ನೀನೇ ಹೊಣೆ” ಅಂತ ಹೇಳುವುದಿಲ್ಲ. ಜಾತಿ, ಧರ್ಮಕ್ಕೆ ಸೇರಿಸುವ ಬಾಗಿಲುಗಳು ಸಾಕಷ್ಟಿವೆ. ಪ್ರಾಯಕ್ಕೆ ದಾಟಿಸುವ ಬಾಗಿಲು ಹುಡುಕಿದರೆ ಮಾತ್ರ ಸಿಗುತ್ತದೆ.

ಕಾನೂನಿಗೆ ಕೇಳಿದರೆ ಅದು ಅಂಕಿ ಹೇಳುತ್ತದೆ. 1875ರ ವಯಸ್ಕತನ ಕಾಯ್ದೆಯ ಪ್ರಕಾರ 18ಕ್ಕೆ ವಯಸ್ಕ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ. ಮದುವೆಗೆ ಗಂಡಿಗೆ ಇನ್ನೂ 21. ಗೇರ್ ಬೈಕಿಗೆ 18. ಆದರೆ ನಮ್ಮೂರಲ್ಲಿ ಅಪ್ಪ ಮಗನಿಗೆ ಪಲ್ಸರ್ ಕೊಡಿಸುವುದು ಹತ್ತನೇ ಇಯತ್ತೆ ಪಾಸಾದಾಗ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಅಂಥ ಅಪ್ಪನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಅಪ್ಪನ ಲೆಕ್ಕದಲ್ಲಿ ಬೈಕೇ ದೀಕ್ಷೆ. ಅವನನ್ನು ಸುಮ್ಮನೆ ಬೈದರೆ ಪ್ರಯೋಜನ ಇಲ್ಲ. ಮಗ ದೊಡ್ಡವನಾದ ಅಂತ ಊರಿಗೆ ತೋರಿಸಲು ಅವನ ಹತ್ತಿರ ಬೇರೇನೂ ಇಲ್ಲ.

ಕೆಂಪು ಮಣ್ಣಿನ ಶಾಲೆ

ಇತ್ತು ಒಂದು. ಅದಕ್ಕೆ ಯಾರೂ ಸಂಸ್ಕಾರ ಅನ್ನುತ್ತಿರಲಿಲ್ಲ, ತಾಲೀಮು ಅನ್ನುತ್ತಿದ್ದರು. ಬೇರೆ ಕಡೆ ಗರಡಿ ಮನೆ. ತಾಲೀಮು ಅರಬ್ಬಿ ಶಬ್ದ, ಕಲಿಕೆ ಅಂತ ಅರ್ಥ. ಕಲಿಸುವವನು ವಸ್ತಾದ, ಅದು ಉಸ್ತಾದನ ತದ್ಭವ. ಪೈಲ್ವಾನ ಪಾರಸಿಯಿಂದ ಬಂದದ್ದು. ಮೂಲೆಯಲ್ಲಿ ಹನುಮಪ್ಪ. ಈ ನಾಲ್ಕನ್ನೂ ಒಂದೇ ಮಣ್ಣಲ್ಲಿ ಕಲಸಿದ ಸೀಮೆ ನಮ್ಮದು. ಕೃಷ್ಣೆಯ ಈ ದಂಡೆಗೂ ಆ ದಂಡೆಗೂ, ಕನ್ನಡಕ್ಕೂ ಮರಾಠಿಗೂ ಕುಸ್ತಿಯಲ್ಲಿ ಗಡಿ ಇರಲಿಲ್ಲ. ಕೊಲ್ಲಾಪುರದ ಶಾಹು ಮಹಾರಾಜರು ಕಟ್ಟಿಸಿ 1912ರಲ್ಲಿ ಶುರುವಾದ ಖಾಸಬಾಗ ಮೈದಾನವೇ ನಮ್ಮ ಕಡೆಯ ಪೈಲ್ವಾನರಿಗೂ ಕಾಶಿ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ, 1952ರ ಹೆಲ್ಸಿಂಕಿಯ ಕೆ.ಡಿ. ಜಾಧವ ಕೂಡ ಅಲ್ಲಿಯೇ ಪಳಗಿದವರು.

ನಾನು ಒಂಬತ್ತನೇ ಇಯತ್ತೆಯಲ್ಲಿ ಎರಡು ಚಳಿಗಾಲ ತಾಲೀಮಿಗೆ ಹೋಗಿದ್ದೆ ಅಂದರೆ ಈಗಿನ ನನ್ನ ಹೊಟ್ಟೆ ನೋಡಿದವರು ನಂಬುವುದಿಲ್ಲ. ಕುಸ್ತಿ ಕಲಿಯಲಿಲ್ಲ. ಆದರೆ ಅಲ್ಲಿ ನಡೆಯುತ್ತಿದ್ದುದು ಏನು ಅಂತ ಗೆನೆಪ್‌ನನ್ನು ಓದಿದಾಗ ತಿಳಿಯಿತು.

ಬೆಳಗಿನ 5ಕ್ಕೆ ಹೋಗಬೇಕು. ಚಪ್ಪಲಿ, ಅಂಗಿ, ಅಪ್ಪನ ಹೆಸರು ಎಲ್ಲ ಹೊರಗೆ. ಒಳಗೆ ಎಲ್ಲರಿಗೂ ಲಂಗೋಟಿ. ಗೌಡರ ಮಗನಿಗೂ, ಕಬ್ಬು ಕಡಿಯುವವನ ಮಗನಿಗೂ. ಮೊದಲ ತಿಂಗಳು ಯಾರೂ ಪಟ್ಟು ಹೇಳಿಕೊಡುವುದಿಲ್ಲ. ಗುದ್ದಲಿ ಹಿಡಿದು ಮಣ್ಣು ಸಡಿಲ ಮಾಡುವುದು, ಕಲ್ಲು ಆರಿಸುವುದು, ಅಂಗಳ ಉಡುಗುವುದು, ನೀರು ತರುವುದು. ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿಣ, ನಿಂಬೆರಸ ಹಾಕಿ ಹದ ಮಾಡುವುದು. ಬೀಳುವವರಿಗೆ ಮಣ್ಣು ಮೆತ್ತಗಿರಬೇಕು, ಅದಕ್ಕೆ ಬೀಳುವ ಮೊದಲು ಮಣ್ಣಿನ ಕೆಲಸ ಕಲಿಯಬೇಕು. ಆಮೇಲೆ ದಂಡ, ಬೈಠಕ್. ಆಮೇಲೆ ಜೋರ್, ಅಂದರೆ ಜೋಡಿಯ ಅಭ್ಯಾಸ. ತಂಬಾಕು, ಸೆರೆ ಮುಟ್ಟುವಂತಿಲ್ಲ. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿ ತಂಬಾಕು ತಿನ್ನದ ಹುಡುಗ ಅನ್ನಿಸಿಕೊಳ್ಳುವುದೇ ಒಂದು ಪದವಿಯಾಗಿತ್ತು.

ವಸ್ತಾದ ಅಪ್ಪನಾಗಿರಲಿಲ್ಲ, ಮಾಸ್ತರನೂ ಅಲ್ಲ. ಪಗಾರ ಇಲ್ಲ. ಊರಿನವರ ಮುಂದೆ ಅವನ ಮರ್ಯಾದೆ ನಿಂತಿದ್ದು ಹುಡುಗರ ನಡತೆಯ ಮೇಲೆ. ನಮ್ಮ ಜತೆಯ ಒಬ್ಬ ಸಂತೆಯಲ್ಲಿ ಹುಡುಗಿಯೊಬ್ಬಳ ಓಢಣಿ ಎಳೆದ ಸುದ್ದಿ ಬಂದಾಗ ಜನ ಅವನ ಅಪ್ಪನ ಹತ್ತಿರ ಹೋಗಲಿಲ್ಲ, ತಾಲೀಮಿಗೆ ಬಂದರು. ವಸ್ತಾದ ಅವನನ್ನು ಹೊಡೆಯಲಿಲ್ಲ. “ನಾಳಿಂದ ಮಣ್ಣಿಗೆ ಇಳೀಬ್ಯಾಡ. ಆಕಿ ಮನಿಗೆ ಹೋಗಿ ತಪ್ಪಾತು ಅಂತ ಹೇಳಿ ಬಾ. ಅವರು ಹೂಂ ಅಂದಮ್ಯಾಲ ನೋಡೂನು” ಅಂದ. ಅವನು ಎಂಟು ದಿನ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಂಬತ್ತನೇ ದಿನ ಹುಡುಗಿಯ ಅಣ್ಣನೇ ಅವನನ್ನು ಕರೆದುಕೊಂಡು ಬಂದ. ಹುಡುಗಿ ಏನೆಂದಳು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಪದ್ಧತಿಯ ಮಿತಿಯೂ ಅದೇ.

ಪರೀಕ್ಷೆ ಜಾತ್ರೆಯಲ್ಲಿ. ಹಲಗಿ ಬಡಿಯುತ್ತದೆ, ಸಾವಿರ ಜನ ಸುತ್ತ ಕೂತಿರುತ್ತಾರೆ. ಸಣ್ಣ ಹುಡುಗರ ಕುಸ್ತಿಗೆ ತೆಂಗಿನಕಾಯಿ, ಬಾಳೆಹಣ್ಣೇ ಇನಾಮು. ಯಾರಿಗೆ ಯಾರು ಜೋಡು ಅಂತ ಇಬ್ಬರೂ ವಸ್ತಾದರು ಕೈ, ಭುಜ ಮುಟ್ಟಿ ನೋಡಿ ನಿರ್ಧರಿಸುತ್ತಾರೆ. ತನ್ನ ಹುಡುಗನ ಅಳತೆ ಮೀರಿದ ಜೋಡಿಗೆ ಅವನನ್ನು ಬಿಡುವುದಿಲ್ಲ. ಸೋಲಬಹುದು, ಎಲ್ಲರ ಎದುರು ಸೋಲಬಹುದು. ಸೋತವನು ಗೆದ್ದವನ ಕೈ ಹಿಡಿದು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಹೊರಗೆ ಬರುತ್ತಾನೆ. ಸೋತ ಮೇಲೆ ಏನು ಮಾಡಬೇಕು ಅನ್ನುವುದನ್ನು ಕಲಿಸುವ ಬೇರೆ ಜಾಗ ನನ್ನ 16 ವರ್ಷಗಳ ಓದಿನಲ್ಲಿ ಎಲ್ಲೂ ಸಿಗಲಿಲ್ಲ. ಗೆದ್ದವನಿಗೆ ರುಮಾಲು. ಆ ದಿನದಿಂದ ಊರಲ್ಲಿ ಅವನನ್ನು ಕರೆಯುವ ರೀತಿ ಬದಲಾಗುತ್ತದೆ. “ಏ ಹುಡುಗಾ” ಹೋಗಿ “ಬಾರಪಾ ಪೈಲ್ವಾನ” ಆಗುತ್ತದೆ.

ಇದನ್ನು ಸ್ವರ್ಗ ಅಂತ ಚಿತ್ರಿಸಲು ನನಗೆ ಇಷ್ಟವಿಲ್ಲ. ಲಂಗೋಟಿಯ ಸಮಾನತೆ ಊರಿನ ಒಳಗಿನ ಓಣಿಗಳಿಗೆ ಮಾತ್ರ. ಬಹಳ ಊರುಗಳಲ್ಲಿ ದಲಿತರ ಹುಡುಗರಿಗೆ ಆ ಮಣ್ಣು ಮುಟ್ಟುವ ಹಕ್ಕಿರಲಿಲ್ಲ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಬ್ರಹ್ಮಚರ್ಯದ ಹೆಸರಲ್ಲಿ ಹೆಣ್ಣು ಅಂದರೆ ಶಕ್ತಿ ಕುಂದಿಸುವ ವಸ್ತು ಅನ್ನುವ ಪಾಠ ದಿನವೂ ನಡೆಯುತ್ತಿತ್ತು. ಇನ್ನು ‘ಹಿರಿಯ’ ಅನ್ನುವವನು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಅಂತಾದರೆ ಕುಸ್ತಿಯ ಲೋಕದಲ್ಲೇ ಏನಾಗುತ್ತದೆ ಅಂತ 2023ರಲ್ಲಿ ದೇಶವೇ ನೋಡಿತು. ಪದಕ ಗೆದ್ದ ಕುಸ್ತಿಪಟುಗಳು ಆಗಿನ ಫೆಡರೇಷನ್ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಜಂತರ್ ಮಂತರ್‌ನಲ್ಲಿ ಕೂತರು. ಎಫ್‌ಐಆರ್ ಆಗಲು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಹಾಸ್ಟೆಲ್ಲಿನ ದೀಕ್ಷೆ

ತಾಲೀಮು ಬಿಟ್ಟು ಮೂರು ವರ್ಷಕ್ಕೆ ನಾನು ಇಂಜಿನಿಯರಿಂಗ್ ಸೇರಿದೆ. ಕಾಲೇಜಿನ ಹೆಸರು ಬೇಡ. ಮೊದಲ ವಾರ ರಾತ್ರಿ 11ಕ್ಕೆ ಸೀನಿಯರುಗಳು ಬಾಗಿಲು ಬಡಿದರು. ಅಂಗಿ ತೆಗೆಸಿದರು, ಸಾಲಾಗಿ ನಿಲ್ಲಿಸಿದರು, ಹೊಸ ಹೆಸರಿಟ್ಟರು. ಉಳಿದದ್ದನ್ನು ಬರೆಯುವುದಿಲ್ಲ. ಬೇರ್ಪಡಿಸುವುದು, ಬೆತ್ತಲೆ ಮಾಡುವುದು, ಹೆಸರು ಕಸಿಯುವುದು, ಕೊನೆಗೆ ‘ಫ್ರೆಷರ್ಸ್ ಪಾರ್ಟಿ’ ಕೊಟ್ಟು ಒಳಗೆ ಕರೆದುಕೊಳ್ಳುವುದು. ಗೆನೆಪ್ ಹೇಳಿದ ಮೂರೂ ಹೆಜ್ಜೆ ಸರಿಯಾಗಿ ಇದ್ದವು. ತಾಲೀಮಿಗೂ ಇದಕ್ಕೂ ಇದ್ದ ವ್ಯತ್ಯಾಸ ಅಂದರೆ ಇಲ್ಲಿ ‘ಹಿರಿಯ’ನಿಗೆ 19 ವರ್ಷ, ಅವನನ್ನು ಕೇಳುವವರು ಯಾರೂ ಇರಲಿಲ್ಲ.

ಮುಂದಿನ ವರ್ಷ ನಾನೂ ಬಾಗಿಲು ಬಡಿದೆ. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥ ಇಲ್ಲ.

ಹಿಂಸೆ ಪಟ್ಟವನೇ ಮುಂದಿನ ವರ್ಷ ಅದರ ವಕೀಲನಾಗುವುದು ಹೇಗೆ? ಎಲಿಯಟ್ ಆರೋನ್ಸನ್ ಮತ್ತು ಜಡ್ಸನ್ ಮಿಲ್ಸ್ 1959ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಚರ್ಚಾಗುಂಪಿಗೆ ಸೇರಲು ಕೆಲವು ಕಾಲೇಜು ವಿದ್ಯಾರ್ಥಿನಿಯರಿಗೆ ಮುಜುಗರದ ಕಠಿಣ ಪರೀಕ್ಷೆ, ಕೆಲವರಿಗೆ ಹಗುರ ಪರೀಕ್ಷೆ, ಕೆಲವರಿಗೆ ಪರೀಕ್ಷೆಯೇ ಇಲ್ಲ. ಆಮೇಲೆ ಎಲ್ಲರಿಗೂ ಕೇಳಿಸಿದ್ದು ಬೇಕೆಂದೇ ತಯಾರಿಸಿದ್ದ ಒಂದೇ ನೀರಸ ಚರ್ಚೆ. ಕಠಿಣ ಪರೀಕ್ಷೆ ದಾಟಿದವರಿಗೇ ಆ ಚರ್ಚೆ, ಆ ಗುಂಪು ಹೆಚ್ಚು ಇಷ್ಟವಾಯಿತು. ಇಷ್ಟು ಅನುಭವಿಸಿ ಬಂದದ್ದು ಸುಮ್ಮನೆ ಅಂತ ಒಪ್ಪಿಕೊಳ್ಳುವುದು ಮನಸ್ಸಿಗೆ ಕಷ್ಟ.

ಹುಡುಗರಿಗೆ ದೀಕ್ಷೆ ಬೇಕು ಅನ್ನುವವರು ಈ ಪ್ರಯೋಗವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಕಷ್ಟ ಕೊಟ್ಟರೆ ನಿಷ್ಠೆ ಹುಟ್ಟುತ್ತದೆ, ಅದು ನಿಜ. ಆದರೆ ಆ ನಿಷ್ಠೆ ಯಾರು ಕಷ್ಟ ಕೊಟ್ಟರೋ ಅವರಿಗೆ ಹೋಗುತ್ತದೆ. ಅವರು ಒಳ್ಳೆಯವರೋ ಕೆಟ್ಟವರೋ ಅಂತ ಅದು ನೋಡುವುದಿಲ್ಲ. ರ‍್ಯಾಗಿಂಗ್‌ಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲೇ ಶಿಕ್ಷೆ ಇದೆ. ಹಿಮಾಚಲದಲ್ಲಿ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಚ್ರೂ 2009ರ ಮಾರ್ಚಿನಲ್ಲಿ ಸತ್ತ ಮೇಲೆ ಅದೇ ವರ್ಷ ಯುಜಿಸಿ ನಿಯಮ ಬಂತು. ಈಗ ಪ್ರತಿ ವರ್ಷ ಅಪ್ಪ-ಮಗ ಇಬ್ಬರೂ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಬಾಗಿಲು ಬಡಿಯುವುದು ನಿಂತಿದೆ ಅಂತ ಯಾವ ಹಾಸ್ಟೆಲ್ ಹುಡುಗನೂ ಹೇಳುವುದಿಲ್ಲ.

ರಸ್ತೆಯ ಮೇಲೆ ಓಡುವವರು

ಈಗ ಬೆಳಗಿನ 5ಕ್ಕೆ ರಾಯಬಾಗದ ಯಾವ ರಸ್ತೆಗೆ ಹೋದರೂ ಕಬ್ಬಿನ ಹೊಲಗಳ ನಡುವೆ ಹುಡುಗರು ಓಡುತ್ತಿರುತ್ತಾರೆ. ತಾಲೀಮಿಗೆ ಹೋಗುವ ಹೊತ್ತಿನಲ್ಲೇ, ಆದರೆ ಇದು ಭರ್ತಿಯ ತಯಾರಿ. 1.6 ಕಿ.ಮೀ. ಓಟ, ಪುಲ್‌ಅಪ್, 9 ಅಡಿಯ ಹಳ್ಳ ಜಿಗಿತ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಬೆಳಗಾವಿ ಜಿಲ್ಲೆಯಲ್ಲಿ ಮನೆಗೊಬ್ಬ ಫೌಜಿ ಇರುವ ಊರುಗಳಿವೆ. ನಮ್ಮ ಕಡೆ ಇವತ್ತು ಉಳಿದಿರುವ ಪೂರ್ಣ ಪ್ರಮಾಣದ ದೀಕ್ಷೆ ಅಂದರೆ ಸೈನ್ಯವೇ. ಮನೆಯಿಂದ ದೂರ, ಬೋಳು ತಲೆ, ಹೆಸರಿನ ಬದಲು ನಂಬರು, ತಿಂಗಳುಗಟ್ಟಲೆ ಹೊಸ್ತಿಲ ಮೇಲಿನ ಬದುಕು, ಕೊನೆಗೆ ಅಪ್ಪ-ಅವ್ವನ ಎದುರು ಕಸಂ ಪರೇಡ್.

ಹಿಂದೆ ಇದರ ಮೂರನೇ ಹೆಜ್ಜೆ ಗಟ್ಟಿಯಾಗಿತ್ತು. ಫೌಜಿ ರಜೆಗೆ ಬಂದರೆ ಊರ ಕಟ್ಟೆಯಲ್ಲಿ ಜಾಗ, ನಿವೃತ್ತನಾಗಿ ಬಂದರೆ ಪೆನ್ಷನ್, ಪಂಚಾಯ್ತಿಯಲ್ಲಿ ಮಾತು. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಈ ಹೆಜ್ಜೆಯನ್ನೇ ಬದಲಿಸಿತು. ಘೋಷಣೆಯಲ್ಲಿ ಹೇಳಿದ ವಯಸ್ಸು ಹದಿನೇಳೂವರೆಯಿಂದ 21, 4 ವರ್ಷ ಸೇವೆ, ಹೆಚ್ಚೆಂದರೆ ನೂರಕ್ಕೆ 25 ಮಂದಿ ಮುಂದುವರಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ ಹಿಡಿದು, ಪೆನ್ಷನ್ ಇಲ್ಲದೆ ಮನೆಗೆ. ಇದರ ಆರ್ಥಿಕ, ಸೈನಿಕ ಲಾಭನಷ್ಟದ ಚರ್ಚೆ ಬೇಕಾದಷ್ಟು ಆಗಿದೆ. ನನ್ನ ಪ್ರಶ್ನೆ ಬೇರೆ. ಹುಡುಗನನ್ನು ಹೊಸ್ತಿಲಿನವರೆಗೆ ಒಯ್ದು, ದೇಹ-ಮನಸ್ಸು ಎರಡನ್ನೂ ಹೊಸದಾಗಿ ಎರಕ ಹೊಯ್ದು, “ನೀ ಇನ್ನ ಗಂಡಸಾದಿ” ಅಂತ ಹೇಳಿ, 22-23ಕ್ಕೆ “ಈಗ ನೀ ನಮ್ಮವ ಅಲ್ಲ” ಅಂತ ಕಳಿಸಿದರೆ ಅವನು ಮರಳುವುದು ಯಾವ ಸ್ಥಾನಕ್ಕೆ? ಮೊದಲ ತಂಡ ಸೇರಿದ್ದು 2022-23ರಲ್ಲಿ. ಲೆಕ್ಕ ಹಾಕಿ ನೋಡಿ, ಅವರ ನಾಲ್ಕು ವರ್ಷ ತುಂಬುವುದು ಯಾವಾಗ ಅಂತ.

ಶಾಲು, ತಲವಾರ, ಡಿಜೆ

ಭರ್ತಿಯಲ್ಲಿ ಫೇಲಾದವರು? ಓಡಿದವರಲ್ಲಿ ಬಹುಪಾಲು ಅವರೇ. ಅವರ ಕೈ ಹಿಡಿಯಲು ಜನ ಕಾದಿರುತ್ತಾರೆ. ಗಣಪತಿ ಮೆರವಣಿಗೆಯ ಡಿಜೆಗೆ ದುಡ್ಡು ಕೊಡುವ ಲೀಡರ್, ಬರ್ತ್‌ಡೇಗೆ ಚೌಕದಲ್ಲಿ ಫ್ಲೆಕ್ಸ್ ಹಾಕಿಸುವ ‘ಅಣ್ಣ’. ನಡುರಸ್ತೆಯಲ್ಲಿ ಬೈಕಿನ ಮೇಲೆ ಕೇಕ್ ಇಟ್ಟು ತಲವಾರದಿಂದ ಕತ್ತರಿಸಿದ ವಿಡಿಯೊಗಳು ಬರುತ್ತಲೇ ಇರುತ್ತವೆ, ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸುಗಳೂ ಬರುತ್ತಲೇ ಇರುತ್ತವೆ. ನವೆಂಬರ್ 1ಕ್ಕೆ ಬೆಳಗಾವಿಗೆ ಹೋದರೆ ಒಂದು ಕಡೆ ಹಳದಿ-ಕೆಂಪು ಶಾಲು, ಇನ್ನೊಂದು ಕಡೆ ಕರಾಳ ದಿನದ ಕಪ್ಪು ಪಟ್ಟಿ. ಎರಡೂ ಕಡೆ ಮುಂದಿನ ಸಾಲಿನಲ್ಲಿ ಕುಣಿಯುವವರ ವಯಸ್ಸು ಒಂದೇ, ಮುಖವೂ ಹೆಚ್ಚುಕಡಿಮೆ ಒಂದೇ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಕಾಲೇಜು ಗೇಟಿನ ಮುಂದೆ ಕೇಸರಿ ಶಾಲು ಹೊದ್ದು ನಿಂತ ಪಿಯುಸಿ ಹುಡುಗರನ್ನು ನೆನಪಿಸಿಕೊಳ್ಳಿ. ಆ ಶಾಲಿನ ರಾಜಕೀಯ ನಾವು ಬಹಳ ಬರೆದೆವು. ಆ ಹುಡುಗನ ಜೀವನದಲ್ಲಿ ಬಹುಶಃ ಅದೇ ಮೊದಲ ಸಲ ದೊಡ್ಡವರೊಬ್ಬರು ಹೆಗಲ ಮೇಲೆ ಕೈಯಿಟ್ಟು ನೀನು ಬೇಕು ಅಂದಿದ್ದರು ಅನ್ನುವುದನ್ನು ನಾವ್ಯಾರೂ ಬರೆಯಲಿಲ್ಲ. ಅವರ ತಪ್ಪು ಇದರಿಂದ ಸಣ್ಣದಾಗುವುದಿಲ್ಲ. ಎದುರಿಗೆ ಪುಸ್ತಕ ಹಿಡಿದು ನಿಂತ ಹುಡುಗಿಗೂ ಅದೇ 17 ವರ್ಷ.

ಈ ಅಣ್ಣಂದಿರು ಕೇಸು ಬಿದ್ದಾಗ ಠಾಣೆಗೆ ಬರುವುದಿಲ್ಲ. ವಸ್ತಾದನಿಗೂ ಇವರಿಗೂ ಇರುವ ಅಂತರ ಅಲ್ಲಿ ತಿಳಿಯುತ್ತದೆ. ಇನ್ನೊಂದು ಅಂತರವೂ ಇದೆ. ಯಾವುದೇ ಒಳ್ಳೆಯ ವಸ್ತಾದ ಒಂದು ದಿನ ಹುಡುಗನನ್ನು ಬಿಟ್ಟುಕೊಡುತ್ತಾನೆ. ಇವರು ಬಿಡುವುದಿಲ್ಲ. 35 ದಾಟಿದರೂ ಅವನು ‘ನಮ್ಮ ಹುಡುಗ’ನೇ.

ಈಡೇರದ ಮಾತು

ದಕ್ಷಿಣ ಆಫ್ರಿಕಾದ ಷೋಸಾ ಜನರಲ್ಲಿ ಉಲ್ವಾಲುಕೊ ಅನ್ನುವ ದೀಕ್ಷೆ ಇಂದಿಗೂ ಇದೆ. ಹುಡುಗರು ಊರ ಹೊರಗೆ ವಾರಗಟ್ಟಲೆ ಗುಡಿಸಲಲ್ಲಿದ್ದು, ಸುನ್ನತಿ ಮಾಡಿಸಿಕೊಂಡು, ಗಂಡಸರಾಗಿ ಮರಳುತ್ತಾರೆ. ಗಾಯ ಕೆಟ್ಟು, ನೀರಿಲ್ಲದೆ, ಹೊಡೆತಕ್ಕೆ ಹುಡುಗರು ಸಾಯುವ ಸುದ್ದಿ ಅಲ್ಲಿ ಹಂಗಾಮಿಗೊಮ್ಮೆ ಬರುತ್ತದೆ. ಅದಕ್ಕೇ 2021ರಲ್ಲಿ ಅಲ್ಲಿನ ಸಂಸತ್ತು ಇಂಥ ದೀಕ್ಷಾ ಶಾಲೆಗಳಿಗೆ ನೋಂದಣಿ, ವಯಸ್ಸಿನ ಮಿತಿ, ಒಪ್ಪಿಗೆಯ ಕಾನೂನು ತಂದಿತು. ‘ಹಳೇ ಕಾಲದ ದೀಕ್ಷೆ’ ಅಂತ ಕನಸು ಕಾಣುವವರಿಗೆ ಇದು ಗೊತ್ತಿರಲಿ.

ನೆಲ್ಸನ್ ಮಂಡೇಲಾ 1934ರಲ್ಲಿ, 16ನೇ ವಯಸ್ಸಿಗೆ ಈ ದೀಕ್ಷೆ ಪಡೆದದ್ದನ್ನು ಆತ್ಮಕತೆಯಲ್ಲಿ ವಿವರವಾಗಿ ಬರೆದಿದ್ದಾರೆ. ಸಂಭ್ರಮದ ಕೊನೆಗೆ ಮೆಲಿಗ್ಕಿಲಿ ಅನ್ನುವ ಮುಖಂಡ ಭಾಷಣ ಮಾಡಿದ. ಇವರಿಗೆ ಗಂಡಸುತನದ ಮಾತು ಕೊಟ್ಟಿದ್ದೇವೆ, ಆದರೆ ಅದು ಈಡೇರುವಂಥದ್ದಲ್ಲ, ಸ್ವಂತ ನೆಲದಲ್ಲೇ ನಾವು ಗುಲಾಮರು, ಇವರು ಊರು ಬಿಟ್ಟು ಹೋಗಿ ಬಿಳಿಯರ ಗಣಿಗಳಲ್ಲಿ ಪುಪ್ಪುಸ ಹಾಳುಮಾಡಿಕೊಳ್ಳುತ್ತಾರೆ ಅನ್ನುವ ಧಾಟಿಯ ಮಾತು. ಹಬ್ಬದ ದಿನ ಇದೆಂಥ ಅಪಶಕುನ ಅಂತ ಹುಡುಗ ಮಂಡೇಲಾಗೆ ಸಿಟ್ಟು ಬಂತಂತೆ. ಅರ್ಥವಾಗಲು ವರ್ಷಗಳು ಬೇಕಾದವು.

ಆ ಭಾಷಣ ನನಗೆ ನೆನಪಾಗುವುದು ನಮ್ಮ ಹೊಲದ ಬದುವಿನ ಮೇಲೆ. ಅಜ್ಜನಿಗೆ ಎಂಟು ಎಕರೆ, ಅಪ್ಪನ ಪಾಲಿಗೆ ಎರಡೂವರೆ. ಕಬ್ಬಿನ ಬಿಲ್ಲು ಬರುವುದು ಯಾವಾಗಲೋ. ನಮ್ಮಲ್ಲಿ ಗಂಡಸಾಗುವುದು ಅಂದರೆ ದುಡಿದು ಮನೆ ನಡೆಸುವುದು, ಮದುವೆಯಾಗುವುದು. ಎರಡೂ ಕೈಗೆಟುಕದ ಹುಡುಗನಿಗೆ ಏನು ದೀಕ್ಷೆ ಕೊಡುತ್ತೀರಿ? 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು, ಹೆಚ್ಚಾಗಿ ರೈತರ ಮಕ್ಕಳು, ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬೆಂಗಳೂರಿನಲ್ಲಿ ನಮ್ಮ ಆಫೀಸಿನವರು ನಕ್ಕರು. ನನಗೆ ನಗು ಬರಲಿಲ್ಲ. ಅದು ಕಾಶಿಯಾತ್ರೆಯೇ, ನಡುವೆ ತಡೆದು ಮರಳಿ ಕರೆಯುವವರು ಇರಲಿಲ್ಲ ಅಷ್ಟೇ. ಆ ಮನೆಗಳಿಗೆ ಯಾವ ಹೆಣ್ಣು ಯಾಕೆ ಬರಲಿ ಅನ್ನುವ ಪ್ರಶ್ನೆಯನ್ನೂ ಕೇಳಬೇಕು. ಹೊಲ, ದನ, ಅತ್ತೆ, ನೀರು ಎಲ್ಲ ಹೊರುವ ಜೀವನವನ್ನು ನನ್ನ ತಂಗಿಯೇ ಬೇಡ ಅಂದಳು. ನರ್ಸಿಂಗ್ ಓದಿ ಮೀರಜಿನಲ್ಲಿ ಕೆಲಸಕ್ಕಿದ್ದಾಳೆ.

ಹೊಸ ವಸ್ತಾದರು

ಹಳೆಯದನ್ನು ಹಾಗೇ ತರಲು ಆಗುವುದಿಲ್ಲ, ತರಬಾರದು ಕೂಡ. ಆದರೆ ಅದರ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದು ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ ಶಾಲಾ ಕ್ರೀಡಾ ತರಬೇತುದಾರರ ಮೂಲಕ ಹುಡುಗರೊಂದಿಗೆ ಹೆಣ್ಣಿನ ಬಗ್ಗೆ, ಬಲಾತ್ಕಾರದ ಬಗ್ಗೆ, ಸಿಟ್ಟಿನ ಬಗ್ಗೆ ವಾರಕ್ಕೊಮ್ಮೆ ಕಾಲು ತಾಸು ಮಾತಾಡಿಸುವ ಒಂದು ಕಾರ್ಯಕ್ರಮ ಇದೆ. ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಲ್ಲಿ ಅದನ್ನು ಪರೀಕ್ಷಿಸಿದ ಅಧ್ಯಯನ 2012ರಲ್ಲಿ ಬಂತು. ಗೆಳೆಯನೊಬ್ಬ ಹುಡುಗಿಗೆ ಅವಮಾನ ಮಾಡುವಾಗ ತಡೆಯುವ ಹುಡುಗರು ಅಲ್ಲಿ ಹೆಚ್ಚಾದರು. ಮುಂಬಯಿಯಲ್ಲಿ ಅದನ್ನೇ ‘ಪರಿವರ್ತನ’ ಅನ್ನುವ ಹೆಸರಿನಲ್ಲಿ ಕ್ರಿಕೆಟ್ ಕೋಚ್‌ಗಳ ಮೂಲಕ ಮಾಡಿ ನೋಡಿದರು. ಅಲ್ಲಿ ಡೋಲಿಲ್ಲ, ಕಾಡಿಲ್ಲ, ಬೆಂಕಿಯಿಲ್ಲ. ಅಪ್ಪನಲ್ಲದ ಒಬ್ಬ ಹಿರಿಯ, ಮೈದಾನ, ದಿನದ ಅಭ್ಯಾಸ, ಮತ್ತು ಆ ಹಿರಿಯನನ್ನೂ ಪ್ರಶ್ನಿಸಬಹುದಾದ ಒಂದು ವ್ಯವಸ್ಥೆ. ನಮ್ಮ ಪ್ರತಿ ತಾಲ್ಲೂಕಿನಲ್ಲೂ ದೈಹಿಕ ಶಿಕ್ಷಕರಿದ್ದಾರೆ, ಕಬಡ್ಡಿ ತಂಡಗಳಿವೆ, ಖೊಖೊ ತಂಡಗಳಿವೆ. ಅವರ ಪಿರಿಯಡ್ಡನ್ನು ಗಣಿತದ ಮಾಸ್ತರರು ಕಸಿದುಕೊಳ್ಳುವುದು ನಿಂತರೆ ಅರ್ಧ ಕೆಲಸ ಆದಂತೆ. ಗಣಿತದಲ್ಲಿ ನೂರಕ್ಕೆ 96 ತೆಗೆದವನೇ ಹೇಳುತ್ತಿದ್ದೇನೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ತಾಲೀಮಿನ ಕಡೆ ಹೋಗಿದ್ದೆ. ಅರ್ಧ ಚಾವಣಿ ಹಾರಿಹೋಗಿದೆ. ವಸ್ತಾದ ತೀರಿಕೊಂಡು ಆರು ವರ್ಷ. ಅವನ ಜಾಗದಲ್ಲಿ ಒಂದು ಕಾಲಕ್ಕೆ ಎಂಟು ದಿನ ಕಟ್ಟೆಯ ಮೇಲೆ ಕೂತಿದ್ದ ಆ ನನ್ನ ಗೆಳೆಯನೇ ಇದ್ದಾನೆ. ಹಗಲು ಟ್ರ್ಯಾಕ್ಟರ್ ಹೊಡೆಯುತ್ತಾನೆ, ಬೆಳಗ್ಗೆ ಇಲ್ಲಿ. ಒಂಬತ್ತು ಹುಡುಗರು, ಮೂರು ಹುಡುಗಿಯರು ಮಣ್ಣು ಅಗೆಯುತ್ತಿದ್ದರು. ಹುಡುಗಿಯರಲ್ಲಿ ಒಬ್ಬಳು ಅವನ ಮಗಳು. “ಹೆಣ್ಣಮಕ್ಕಳನ್ನ ಒಳಗ ಬಿಟ್ಟಿದ್ದಕ್ಕ ಊರಾಗ ಏನೂ ಅನಲಿಲ್ಲೇನೋ?” ಅಂತ ಕೇಳಿದೆ.

“ಅಂದ್ರು. ನಾಕ್ ಮಂದಿ ಹುಡುಗರು ಬಿಟ್ಟೂ ಹ್ವಾದ್ರು” ಅಂದ. ಗುದ್ದಲಿ ನನ್ನ ಕೈಗೆ ಕೊಟ್ಟು, “ನೀನೂ ಒಂದೀಟ್ ಅಗಿ ಬಾ, ಹಂಗ ನಿಂತು ಫೋಟೊ ಹೊಡೀಬ್ಯಾಡ” ಅಂದ.